ಬರ್ಡನ್ ಹಿಲ್‌ನ ನಾಯಿಗಳು ನನ್ನ ನಿದ್ದೆ ಕೆಡಿಸಿದವು

ನಮ್ಮ ಕೆಂಚ ದಿನಾ ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಸಲ ಎದ್ದು ಮುಂಬಾಗಿಲ ಕಡೆ ನೋಡುತ್ತಾನೆ. ಬೊಗಳುವುದಿಲ್ಲ. ಕಿವಿ ಎರಡೂ ನೆಟ್ಟಗೆ ಮಾಡಿ, ಕುತ್ತಿಗೆ ಸ್ವಲ್ಪ ಚಾಚಿ, ಅಲ್ಲಿ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ನೋಡುತ್ತಾನೆ. ಆಮೇಲೆ ತನ್ನ ಗೋಣಿತಾಟಿನ ಮೇಲೆ ಎರಡು ಸುತ್ತು ಹಾಕಿ ಮುದುರಿಕೊಂಡು ಮಲಗುತ್ತಾನೆ. ಬೀದಿಯಿಂದ ಅವನನ್ನು ಮನೆಗೆ ತಂದು ಎಂಟು ವರ್ಷ ಆಯಿತು. ಇಲಿಯೋ ಹೆಗ್ಗಣವೋ ಇರಬೇಕು ಅಂತ ನಾನು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ. ಹೋದ ತಿಂಗಳು 'ಬೀಸ್ಟ್ಸ್ ಆಫ್ ಬರ್ಡನ್' ಓದಿದೆ. ಆವತ್ತಿನಿಂದ ಕೆಂಚ ಕಿವಿ ನೆಟ್ಟಗೆ ಮಾಡಿದರೆ ಸಾಕು, ನಾನೂ ಪುಸ್ತಕ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತೇನೆ.

ಇದು ಅಮೆರಿಕದ ಹಾರರ್ ಕಾಮಿಕ್. ಬರೆದವರು ಎವನ್ ಡಾರ್ಕಿನ್, ಚಿತ್ರ ಜಿಲ್ ಥಾಂಪ್ಸನ್ ಅವರದು, ಪ್ರಕಟಿಸಿದ್ದು ಡಾರ್ಕ್ ಹಾರ್ಸ್. ನಾನು ಇಲ್ಲಿ ಹೇಳುತ್ತಿರುವುದು ಮೊದಲ ಸಂಪುಟದ ಬಗ್ಗೆ. ಅದರ ಹೆಸರು 'ಅನಿಮಲ್ ರೈಟ್ಸ್' (Animal Rites), 2010ರಲ್ಲಿ ಬಂದದ್ದು. ಎಂಟು ಕಥೆಗಳಿವೆ. ಮೊದಲ ನಾಲ್ಕು 2003ರಿಂದ 2006ರವರೆಗೆ ಬೇರೆ ಬೇರೆ ಸಂಕಲನಗಳಲ್ಲಿ ಬಂದ ಸಣ್ಣ ಕಥೆಗಳು, ಉಳಿದ ನಾಲ್ಕು 2009ರಲ್ಲಿ ಬಿಡಿ ಸಂಚಿಕೆಗಳಾಗಿ ಬಂದವು. 'ಬೀಸ್ಟ್ಸ್ ಆಫ್ ಬರ್ಡನ್' ಅನ್ನುವ ಹೆಸರಿನಲ್ಲೇ ಎರಡು ಅರ್ಥ ಇದೆ. ಹೊರೆ ಹೊರುವ ಪ್ರಾಣಿಗಳು ಅಂತಲೂ ಆಗುತ್ತದೆ, ಬರ್ಡನ್ ಹಿಲ್ ಅನ್ನುವ ಊರಿನ ಪ್ರಾಣಿಗಳು ಅಂತಲೂ ಆಗುತ್ತದೆ. ಪೂರ್ತಿ ಓದಿ ಮುಗಿಸಿದ ಮೇಲೆ ಮೊದಲ ಅರ್ಥವೇ ಮನಸ್ಸಿನಲ್ಲಿ ಜಾಸ್ತಿ ಉಳಿಯಿತು.

ಬರ್ಡನ್ ಹಿಲ್ ಪೆನ್ಸಿಲ್ವೇನಿಯಾದ ಒಂದು ಕಲ್ಪನೆಯ ಊರು. ಅಚ್ಚುಕಟ್ಟಾದ ಮನೆಗಳು, ಹಿತ್ತಲಲ್ಲಿ ಹುಲ್ಲು, ಸುತ್ತ ಬೇಲಿ, ಊರಾಚೆ ಕಾಡು. ಅಲ್ಲಿನ ಸಾಕುನಾಯಿಗಳ ಒಂದು ಗುಂಪೇ ಕಥೆಯ ನಾಯಕರು. ಏಸ್ ಅನ್ನುವ ಹಸ್ಕಿ ತಳಿಯ ನಾಯಿ ಮುಂದಾಳು. ರೆಕ್ಸ್ ದೊಡ್ಡ ಡಾಬರ್‌ಮನ್, ಆದರೆ ಶುರುವಿನಲ್ಲಿ ಅವನೇ ಎಲ್ಲರಿಗಿಂತ ಪುಕ್ಕಲ. ಜ್ಯಾಕ್ ಅಂತ ಒಂದು ಬೀಗಲ್, ಮೃದು ಸ್ವಭಾವ. ವೈಟಿ ಅನ್ನುವ ಪುಟ್ಟ ಟೆರಿಯರ್ ಒಂದು ಕಡೆ ನಿಲ್ಲುವವನಲ್ಲ. ಪಗ್ಸ್ ಅನ್ನುವ ಪಗ್ ನಾಯಿಗೆ ಬಾಯಿ ಜಾಸ್ತಿ, ಎಲ್ಲದಕ್ಕೂ ಒಂದು ಕೊಂಕು. ಇವರ ಜೊತೆ ಒಂದು ಬೀದಿಬೆಕ್ಕು, ಹೆಸರು ಆರ್ಫನ್, ಅಂದರೆ ಅನಾಥ. ಇವರ ಊರಲ್ಲಿ ಆಗಬಾರದ್ದು ಏನೇನೋ ಆಗತೊಡಗುತ್ತದೆ. ಮನುಷ್ಯರಿಗೆ ಅದರ ಸುಳಿವೇ ಇಲ್ಲ. ನಾಯಿಗಳಿಗೆ ಮಾತ್ರ ಗೊತ್ತು.

ಪ್ರಾಣಿಗಳು ಮಾತಾಡುವ ಕಥೆ ನಮಗೇನೂ ಹೊಸದಲ್ಲ. ನರಿ, ಕಾಗೆ, ಮೊಸಳೆ ಎಲ್ಲ ಮಾತಾಡುವ ಕಥೆಗಳನ್ನು ಅಜ್ಜಿಯ ಪಕ್ಕ ಮಲಗಿ ಕೇಳಿಯೇ ಬೆಳೆದವರು ನಾವು. ಹಾಗಾಗಿ ಪುಸ್ತಕ ಕೈಗೆ ಬಂದಾಗ, ಅದರಲ್ಲೂ ಆ ಚಿತ್ರಗಳನ್ನು ನೋಡಿದಾಗ, ಇದು ಸ್ವಲ್ಪ ದೊಡ್ಡ ಮಕ್ಕಳಿಗೆ ಬರೆದ ದೆವ್ವದ ಕಥೆ ಇರಬಹುದು, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಿತು. ನಡುವೆ ಒಂದು ಕಥೆ ಓದಿ ಎರಡು ದಿನ ಪುಸ್ತಕ ಮುಟ್ಟಲಿಲ್ಲ.

ಮೊದಲ ಕಥೆ ತುಂಬ ಸರಳ. ದೆವ್ವ ಹೊಕ್ಕ ಮನೆಗಳ ಸಂಕಲನಕ್ಕಾಗಿ ಬರೆದದ್ದು ಅದು. ಡಾರ್ಕಿನ್ ಅದರಲ್ಲಿ ಬಂಗಲೆಯ ಬದಲು ನಾಯಿಗೂಡಿಗೆ ದೆವ್ವ ಹೊಗಿಸಿದ್ದಾರೆ. ಜ್ಯಾಕ್ ತನ್ನ ಗೂಡಿನಲ್ಲಿ ಮಲಗಲು ಒಲ್ಲೆ ಅನ್ನುತ್ತಾನೆ. ಒಳಗೆ ಏನೋ ಇದೆ. ಗೆಳೆಯರು ಸೇರಿ ಮಂತ್ರ ಗೊತ್ತಿರುವ ಒಬ್ಬ ಹಿರಿಯ ನಾಯಿಯನ್ನು ಕರೆಸುತ್ತಾರೆ. ಮೈತುಂಬ ಕೂದಲಿದ್ದು ಕಣ್ಣಿನ ಮೇಲೂ ಬಿದ್ದಿರುವ ಕುರಿಕಾಯುವ ನಾಯಿ ಅದು, ಇವರು 'ವೈಸ್ ಡಾಗ್', ಅಂದರೆ ಜ್ಞಾನಿ ನಾಯಿ, ಅನ್ನುತ್ತಾರೆ. ಊರಲ್ಲಿ ಯಾರಿಗೋ ಮೈಮೇಲೆ ಬಂದರೆ ಪಕ್ಕದ ಊರಿನ ಹಿರಿಯರನ್ನು ಕರೆಸುವುದಿಲ್ಲವಾ, ಹಾಗೇ. ಇಷ್ಟು ಹೇಳಿದರೆ ತಮಾಷೆ ಅನ್ನಿಸುತ್ತದೆ. ಓದುವಾಗ ಮಾತ್ರ ತಮಾಷೆ ಎಲ್ಲಿ ಮುಗಿಯಿತು, ಸಂಕಟ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ.

ಎರಡನೆಯದರಲ್ಲಿ ಮಾಟಗಾತಿಯರು ಮತ್ತು ಅವರ ಕರಿಬೆಕ್ಕುಗಳು. 2005ರಲ್ಲಿ ಅತ್ಯುತ್ತಮ ಸಣ್ಣ ಕಥೆಗೆ ಐಸ್ನರ್ ಪ್ರಶಸ್ತಿ ಬಂದದ್ದು ಇದಕ್ಕೇ. ಅಮೆರಿಕದ ಕಾಮಿಕ್ಸ್‌ನವರಿಗೆ ಅದು ದೊಡ್ಡ ಗೌರವ. ಮೂರನೆಯದರಲ್ಲಿ ಸತ್ತ ನಾಯಿಗಳು ಎದ್ದು ಬರುತ್ತವೆ. ನಾಲ್ಕನೆಯದರಲ್ಲಿ ಏಸ್‌ಗೆ ಒಬ್ಬ ಹುಡುಗನ ಸ್ನೇಹ ಆಗುತ್ತದೆ, ಆ ಹುಡುಗ ತೋಳವಾಗುವವನು. ನನ್ನ ಮಟ್ಟಿಗೆ ಮೂರನೆಯದು ಸ್ವಲ್ಪ ಮಾಮೂಲಿ, ಓಡು, ಕಚ್ಚು, ತಪ್ಪಿಸಿಕೋ ಅಷ್ಟೇ. ನಾಲ್ಕನೆಯದು ಹಾಗಲ್ಲ. ಒಂದು ನಾಯಿಗೆ ತನ್ನ ಮನುಷ್ಯ ಸಿಕ್ಕಿದ ಖುಷಿ ಹೇಗಿರುತ್ತದೆ ಅಂತ ಏಸ್‌ನ ಮುಖದಲ್ಲಿ ಬರೆದಿಟ್ಟಿದ್ದಾರೆ. ಈ ಖುಷಿ ಉಳಿಯುವುದಿಲ್ಲ ಅಂತ ಓದುವವರಿಗೆ ಮೊದಲೇ ಗೊತ್ತಾಗುತ್ತದೆ, ಏಸ್‌ಗೆ ಗೊತ್ತಿಲ್ಲ. ಅದೇ ಹಿಂಸೆ.

ಈಗ ಚಿತ್ರಗಳ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈ ಪುಸ್ತಕದ ಅರ್ಧ ಜೀವ ಅಲ್ಲೇ ಇದೆ. ಜಿಲ್ ಥಾಂಪ್ಸನ್ ಪುಟ ಪೂರ್ತಿ ಜಲವರ್ಣದಲ್ಲಿ ಮಾಡಿದ್ದಾರೆ. ಈ ಕೆಲಸಕ್ಕೆ ಅವರಿಗೂ ಒಂದಕ್ಕಿಂತ ಜಾಸ್ತಿ ಸಲ ಐಸ್ನರ್ ಬಂದಿದೆ. ಅವರ ನಾಯಿಗಳು ಪ್ಯಾಂಟು ಶರ್ಟು ಹಾಕುವುದಿಲ್ಲ, ಎರಡು ಕಾಲಲ್ಲಿ ನಡೆಯುವುದಿಲ್ಲ, ಮನುಷ್ಯರ ಹಾಗೆ ಹುಬ್ಬು ಹಾರಿಸುವುದಿಲ್ಲ. ನಿಜವಾದ ನಾಯಿಗಳು. ಹೆದರಿದಾಗ ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗುತ್ತವೆ, ಬಾಲ ಕಾಲಸಂದಿಗೆ ಹೋಗುತ್ತದೆ, ಕಿವಿ ಹಿಂದಕ್ಕೆ ಅಂಟುತ್ತದೆ, ಬೆನ್ನಿನ ಮೇಲೆ ಒಂದು ಸಾಲು ಕೂದಲು ಮಾತ್ರ ನಿಮಿರಿ ನಿಲ್ಲುತ್ತದೆ. ದೀಪಾವಳಿ ದಿನ ಮಂಚದ ಕೆಳಗೆ ಹೊಕ್ಕ ನಾಯಿಯನ್ನು ಬಗ್ಗಿ ನೋಡಿದವರಿಗೆ ಗೊತ್ತು ನಾನು ಏನು ಹೇಳುತ್ತಿದ್ದೇನೆ ಅಂತ. ದೆವ್ವವನ್ನು ಯಾರೂ ಕಂಡಿಲ್ಲ, ಹಾಗಾಗಿ ದೆವ್ವದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಚಿತ್ರ ಅಷ್ಟೇ. ಹೆದರಿದ ನಾಯಿಯನ್ನು ಮಾತ್ರ ನಾವೆಲ್ಲ ಕಂಡಿದ್ದೇವೆ. ಆ ಹೆದರಿಕೆ ಸುಳ್ಳಲ್ಲ ಅಂತ ನಮ್ಮ ಮೈಗೆ ಗೊತ್ತು. ಹಾಗಾಗಿ ಆ ಪುಟದಲ್ಲಿ ನಾಯಿ ಯಾವುದನ್ನು ನೋಡಿ ಹೆದರಿದೆಯೋ ಅದನ್ನೂ ನಾವು ನಂಬಿಬಿಡುತ್ತೇವೆ.

ಜಲವರ್ಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮಳೆ, ಮಂಜು, ಸಂಜೆಬೆಳಕು ಎಲ್ಲ ಒಂದಕ್ಕೊಂದು ಕಲೆತುಹೋಗುತ್ತವೆ. ಮುಸ್ಸಂಜೆಯ ನೀಲಿ ಎಲ್ಲಿ ನಿಂತಿತು, ಕಾಡಿನ ಕಪ್ಪು ಎಲ್ಲಿ ಹತ್ತಿತು ಅಂತ ಗೆರೆ ಎಳೆದು ಹೇಳಲಾಗುವುದಿಲ್ಲ. ಐದನೇ ಕಥೆಯಲ್ಲಿ ಆಕಾಶದಿಂದ ಕಪ್ಪೆಗಳು ಸುರಿಯುತ್ತವೆ. ಮೊದಲು ಒಂದು ಪಟ್ ಅಂತ ಬೀಳುತ್ತದೆ. ನಾಯಿಗಳಿಗೆ ಮಜಾ. ಆಮೇಲೆ ಬೀಳುತ್ತಲೇ ಇರುತ್ತವೆ. ಆ ಒದ್ದೆ ಒದ್ದೆ ಹಸಿರು ಬಣ್ಣ ನೋಡಿದರೆ ಬೆರಳಿಗೆ ಅಂಟೀತು ಅನ್ನಿಸುತ್ತದೆ. ಒಂದು ಪುಟ ತಿರುಗಿಸಿ ನಾನು ನಿಜವಾಗಿಯೂ ಕೈಯನ್ನು ಸೀರೆಗೆ ಒರೆಸಿಕೊಂಡೆ.

ಆರನೇ ಕಥೆ. ಹೆಸರು 'ಲಾಸ್ಟ್', ಅಂದರೆ ಕಳೆದುಹೋದದ್ದು. ಎರಡು ದಿನ ಪುಸ್ತಕ ಮುಚ್ಚಿಟ್ಟದ್ದು ಇದನ್ನು ಓದಿಯೇ. ಪೂರ್ತಿ ಹೇಳುವುದಿಲ್ಲ. ಒಂದು ತಾಯಿನಾಯಿ ಈ ಗುಂಪಿನ ಹತ್ತಿರ ಬರುತ್ತದೆ, ತನ್ನ ಮರಿಗಳು ಕಾಣುತ್ತಿಲ್ಲ, ಹುಡುಕಿಕೊಡಿ ಅನ್ನುತ್ತದೆ. ಅಷ್ಟೇ. ನೀವು ಯಾವತ್ತಾದರೂ ಮರಿ ಕಳೆದುಕೊಂಡ ಬೀದಿನಾಯಿಯನ್ನು ನೋಡಿದ್ದೀರಾ? ನಮ್ಮ ಬೀದಿಯಲ್ಲಿ ಒಂದಿತ್ತು. ಮೋರಿ ಪಕ್ಕ, ಗೇಟಿನ ಸಂದಿ, ನಿಂತ ಕಾರಿನ ಕೆಳಗೆ, ಒಂದೇ ಜಾಗವನ್ನು ಹತ್ತು ಸಲ ಮೂಸಿ ಮೂಸಿ ನೋಡುತ್ತಿತ್ತು. ಯಾರಾದರೂ ಹತ್ತಿರ ಹೋದರೆ ನಿಂತು ಮುಖ ನೋಡುತ್ತಿತ್ತು, ಕೇಳುವ ಹಾಗೆ. ನಾನು ಅನ್ನ ಹಾಕಿದೆ, ತಿನ್ನಲಿಲ್ಲ. ಹದಿನೈದು ದಿನ ಹಾಗೇ ಓಡಾಡಿತು. ಅದು ಏನು ಕೇಳುತ್ತಿತ್ತು ಅಂತ ಈ ಕಥೆಯಲ್ಲಿ ಮಾತಾಗಿ ಬಂದಿದೆ. ಓದುವಾಗ ಗಂಟಲು ಕಟ್ಟಿತು. ಕರುವಿಗೆ ಹಾಲು ಕುಡಿಸಿ ಹುಲಿಯ ಹತ್ತಿರ ಹೊರಟ ಹಸುವಿನ ಹಾಡನ್ನು ಕೇಳಿ ಅತ್ತವರು ನಾವು. ಅಲ್ಲಿ ಹುಲಿಗೂ ಮನಸ್ಸು ಕರಗುತ್ತದೆ. ಇಲ್ಲಿ ಆ ಸಮಾಧಾನ ಇಲ್ಲ. ಈ ಕಥೆಯಲ್ಲಿ ಕೆಟ್ಟದ್ದು ಮಾಡಿದ್ದು ದೆವ್ವ ಅಲ್ಲ ಅಂತ ಮಾತ್ರ ಹೇಳುತ್ತೇನೆ. ನಾಯಿ ಸಾಕಿದವರು ಇದನ್ನು ರಾತ್ರಿ ಒಬ್ಬರೇ ಕೂತು ಓದಬೇಡಿ.

ಇಷ್ಟು ಮುದ್ದಾದ ಪ್ರಾಣಿಗಳನ್ನು ಇಟ್ಟುಕೊಂಡು ಯಾಕೆ ಹೀಗೆ ಹೆದರಿಸಬೇಕು ಅಂತ ನನ್ನ ಗಂಡ ಕೇಳಿದರು. ಆಗ ಯೋಚನೆ ಮಾಡಿದೆ. ಇಲ್ಲಿ ಮುದ್ದು ಬೇರೆ, ಭಯ ಬೇರೆ ಅಲ್ಲ. ಮುದ್ದಿನಿಂದಲೇ ಭಯ ಬರುತ್ತದೆ. ಸಿನಿಮಾದಲ್ಲಿ ದೆವ್ವದ ಮನೆಗೆ ಹೊಕ್ಕ ಕಾಲೇಜು ಹುಡುಗರನ್ನು ನೋಡಿದರೆ ನಮಗೆ ಕೋಪ ಬರುತ್ತದೆ, ಯಾಕಪ್ಪಾ ಒಳಗೆ ಹೋಗ್ತೀಯ ಅಂತ. ನಾಯಿಯ ಮೇಲೆ ಹಾಗೆ ಕೋಪ ಬರುವುದಿಲ್ಲ. ಅದಕ್ಕೆ ಕೈ ಇಲ್ಲ, ಬಾಗಿಲು ತೆಗೆಯಲು ಬರುವುದಿಲ್ಲ, ಫೋನ್ ಮಾಡಲು ಬರುವುದಿಲ್ಲ. ಊರಿಗೆ ಏನೋ ಬಂದಿದೆ ಅಂತ ಬೊಗಳಿದರೆ ಮನೆಯವರು ಸುಮ್ನಿರು ಅಂತ ಗದರುತ್ತಾರೆ. ರಾತ್ರಿಯಿಡೀ ಊರು ಕಾಯ್ದು ಬಂದವನಿಗೆ ಬೆಳಿಗ್ಗೆ ಬೇಲಿ ಹಾರಿದ್ದಕ್ಕೆ ಬೈಗುಳ. ಯಾರಿಗೂ ಹೇಳಿಕೊಳ್ಳಲಾಗದವರ ಭಯ ಇದು. ಇಷ್ಟೆಲ್ಲ ಆದರೂ ಏಸ್, ಜ್ಯಾಕ್, ರೆಕ್ಸ್ ಮತ್ತೆ ಮತ್ತೆ ಆ ಕತ್ತಲಿಗೆ ಹೋಗುತ್ತಾರೆ, ತಮ್ಮ ಮನೆಯವರು ಮಲಗಿದ್ದಾರಲ್ಲ ಅನ್ನುವ ಒಂದೇ ಕಾರಣಕ್ಕೆ. ಹೊರೆ ಹೊರುವ ಪ್ರಾಣಿಗಳು ಅನ್ನುವ ಅರ್ಥ ಮನಸ್ಸಿನಲ್ಲಿ ಉಳಿಯಿತು ಅಂದೆನಲ್ಲ, ಅದು ಇದಕ್ಕೇ.

ರಾತ್ರಿ ನಾಯಿ ಊಳಿಟ್ಟರೆ ಅಪಶಕುನ, ಅವಕ್ಕೆ ನಮಗೆ ಕಾಣದ್ದು ಕಾಣುತ್ತದೆ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ನನ್ನ ಅಜ್ಜಿ ಎದ್ದು ಒಂದು ಚೊಂಬು ನೀರು ಹೊರಗೆ ಚೆಲ್ಲಿ ಬರುತ್ತಿದ್ದರು. ಅದೇ ನಂಬಿಕೆಯನ್ನು ನಾಯಿಯ ಕಡೆಯಿಂದ ತಿರುಗಿಸಿ ನೋಡಿದರೆ ಹೇಗಿರುತ್ತದೋ ಹಾಗಿದೆ ಈ ಪುಸ್ತಕ. ಹಾಗಾಗಿ ಅಮೆರಿಕದ ಊರಾದರೂ ನನಗೆ ಪರಕೀಯ ಅನ್ನಿಸಲಿಲ್ಲ.

ಕೊರತೆಗಳಿಲ್ಲವಾ ಅಂದರೆ ಇವೆ. ಪಗ್ಸ್‌ನ ಬಾಯಿ ಕೆಲವು ಕಡೆ ಅತಿಯಾಯಿತು. ಎದೆ ಹೊಡೆದುಕೊಳ್ಳುತ್ತಿರುವ ಹೊತ್ತಿನಲ್ಲಿ ಅವನ ಒಂದು ಚಟಾಕಿ ಬಂದು ಹದ ಕೆಡಿಸುತ್ತದೆ. ನಾಯಿಗಳ ಮಾತಿನಲ್ಲಿ ಅಮೆರಿಕದ ಆಡುಮಾತು ತುಂಬ ಇದೆ, ಇಂಗ್ಲಿಷ್ ಚೆನ್ನಾಗಿ ಬಂದರೂ ಅಲ್ಲಲ್ಲಿ ತಡೆಯುತ್ತದೆ. ಏಳನೇ ಕಥೆಯಲ್ಲಿ ಆರ್ಫನ್ ನೆಲದಡಿಗೆ ಹೋಗಿ ಇಲಿಗಳ ನಡುವೆ ಸಿಕ್ಕಿಕೊಳ್ಳುವುದು ಚೆನ್ನಾಗಿದೆ, ಆದರೆ 'ಲಾಸ್ಟ್' ಆದ ಮೇಲೆ ಅದನ್ನು ಓದಿದ್ದರಿಂದಲೋ ಏನೋ ನನಗೆ ಅಷ್ಟು ತಟ್ಟಲಿಲ್ಲ. ಕೊನೆಯ ಕಥೆ ಸ್ಮಶಾನದಲ್ಲಿ ನಡೆಯುತ್ತದೆ. ಹಿಂದಿನ ಎಳೆಗಳನ್ನೆಲ್ಲ ಅಲ್ಲಿ ಒಟ್ಟಿಗೆ ಕಟ್ಟಲು ಹೊರಟಿದ್ದಾರೆ, ಪುಟ ಸಾಕಾಗಿಲ್ಲ. ಬರ್ಡನ್ ಹಿಲ್‌ಗೆ ಇದೆಲ್ಲ ಯಾಕೆ ಬರುತ್ತಿದೆ ಅನ್ನುವ ದೊಡ್ಡ ಪ್ರಶ್ನೆಗೆ ಈ ಸಂಪುಟದಲ್ಲಿ ಪೂರ್ತಿ ಉತ್ತರ ಇಲ್ಲ. ಮುಂದಿನ ಕಥೆಗಳು ವರ್ಷಗಟ್ಟಲೆ ಅಂತರದಲ್ಲಿ ಬಂದಿವೆ. ನಡುವೆ 2010ರಲ್ಲಿ ಹೆಲ್‌ಬಾಯ್ ಜೊತೆ ಒಂದು ಕಥೆ ಇದೆ, ಅವನು ದೆವ್ವ ಪಿಶಾಚಿಗಳ ಜೊತೆ ಹೋರಾಡುವ ಇನ್ನೊಂದು ಕಾಮಿಕ್‌ನ ನಾಯಕ. ನಾಯಿಗಳ ಮಾತು ತಿಳಿಯುವ ಒಬ್ಬ ದೊಡ್ಡವನು ಕೊನೆಗೂ ಸಿಕ್ಕಿದನಲ್ಲ ಅಂತ ನನಗೆ ಸಮಾಧಾನ ಆಯಿತು. 2018ರಿಂದ ಕೆಲವು ಕಥೆಗಳಿಗೆ ಬೆಂಜಮಿನ್ ಡ್ಯೂಯಿ ಚಿತ್ರ ಬರೆದಿದ್ದಾರೆ. ಅವರ ಕೈಯೂ ಗಟ್ಟಿ. ಅದರಲ್ಲೂ 2021ರ 'ಆಕ್ಯುಪೈಡ್ ಟೆರಿಟರಿ', ಎರಡನೇ ಮಹಾಯುದ್ಧ ಮುಗಿದ ಮೇಲಿನ ಜಪಾನಿನಲ್ಲಿ ನಡೆಯುವುದು, ಅಲ್ಲಿನ ದೆವ್ವಗಳೇ ಬೇರೆ ತರಹ. ಅದನ್ನು ಡಾರ್ಕಿನ್ ಜೊತೆ ಅವರ ಹೆಂಡತಿ ಸಾರಾ ಡಯರ್ ಕೂಡ ಬರೆದಿದ್ದಾರೆ. ಆದರೂ ನನಗೆ ಥಾಂಪ್ಸನ್ ಅವರ ಒದ್ದೆ ಬಣ್ಣಗಳೇ ಬೇಕು.

ಇದೇ ಜಾತಿಯ ಇನ್ನೆರಡು ಪುಸ್ತಕಗಳನ್ನೂ ಓದಿದ್ದೇನೆ, ಹೋಲಿಸಿ ಹೇಳಿದರೆ ಕೊಳ್ಳುವವರಿಗೆ ಅನುಕೂಲ. ಟೋನಿ ಫ್ಲೀಕ್ಸ್ ಮತ್ತು ಟ್ರಿಶ್ ಫೋರ್ಸ್ಟ್‌ನರ್ ಅವರ 'ಸ್ಟ್ರೇ ಡಾಗ್ಸ್' 2021ರಲ್ಲಿ ಬಂದದ್ದು. ಚಿತ್ರ ಥೇಟ್ ಮಕ್ಕಳ ಕಾರ್ಟೂನ್ ಸಿನಿಮಾದ ಹಾಗಿದೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ. ಸೋಫಿ ಅನ್ನುವ ಪುಟ್ಟ ನಾಯಿ ಹೊಸ ಮನೆಗೆ ಬರುತ್ತದೆ. ಅಲ್ಲಿ ಬೇಕಾದಷ್ಟು ನಾಯಿಗಳಿವೆ, ಯಜಮಾನ ಪ್ರೀತಿಯಿಂದ ನೋಡಿಕೊಳ್ಳುತ್ತಾನೆ. ಆ ಯಜಮಾನನೇ ತನ್ನ ಹಳೆಯ ಒಡತಿಯನ್ನು ಕೊಂದವನು ಅಂತ ಸೋಫಿಗೆ ಹೊಳೆಯುತ್ತದೆ. ಹೊಳೆದದ್ದು ನಿಲ್ಲುವುದಿಲ್ಲ, ಯಾಕೆಂದರೆ ಈ ನಾಯಿಗಳಿಗೆ ಎಲ್ಲ ಬೇಗ ಮರೆತುಹೋಗುತ್ತದೆ. ಆ ಮರೆವೇ ಅಲ್ಲಿನ ಭಯ. ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ. ಪ್ಯಾಟ್ರಿಕ್ ಹೋರ್ವಾತ್ ಅವರ 'ಬಿನೀತ್ ದ ಟ್ರೀಸ್ ವೇರ್ ನೋಬಡಿ ಸೀಸ್' ಇನ್ನೊಂದು. ಅದರಲ್ಲಿ ಸಮಂತಾ ಅನ್ನುವ ಕರಡಿ ಒಂದು ಹಾರ್ಡ್‌ವೇರ್ ಅಂಗಡಿ ನಡೆಸುತ್ತದೆ, ಊರಿಗೆಲ್ಲ ಬೇಕಾದವಳು, ಗುಟ್ಟಾಗಿ ಕೊಲೆ ಮಾಡುವವಳು. ಚಿತ್ರಗಳು ಎಷ್ಟು ಸೊಗಸೋ ರಕ್ತವೂ ಅಷ್ಟೇ. ತುಂಬ ಜಾಣತನದಿಂದ ಕಟ್ಟಿದ ಕಥೆ, ಆದರೆ ಅಲ್ಲಿ ಕರಡಿ ನರಿ ಎಲ್ಲ ಪ್ರಾಣಿಯ ಮುಖ ಹೊತ್ತ ಮನುಷ್ಯರೇ. ಅದು ಬೆಚ್ಚಿ ಬೀಳಿಸಿತು. ಬರ್ಡನ್ ಹಿಲ್ ಹಾಗೆ ಮನೆಯೊಳಗೆ ಬಂದು ಕೂರಲಿಲ್ಲ.

ಕೊಳ್ಳುವ ವಿಷಯ. ನನ್ನ ಪ್ರತಿ ಆನ್‌ಲೈನ್‌ನಲ್ಲಿ ತರಿಸಿದ್ದು, ಬರಲು ಒಂದು ತಿಂಗಳ ಹತ್ತಿರ ಹಿಡಿಯಿತು. ಬಂದಾಗ ಒಂದು ಮೂಲೆ ಜಜ್ಜಿ ಹೋಗಿತ್ತು. ಇಷ್ಟು ಒಳ್ಳೆಯ ಬಣ್ಣದ ಪುಸ್ತಕವನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದು ನೋಡಿ ಬೇಜಾರಾಯಿತು. ಫೋಟೋ ಕಳಿಸಿ ದೂರು ಕೊಟ್ಟೆ, ವಾಪಸ್ ಕಳಿಸಿ ಅಂದರು. ಅಷ್ಟರಲ್ಲಿ ನಾನು ಮೂರು ಕಥೆ ಓದಿಯಾಗಿತ್ತು, ಕಳಿಸಲು ಮನಸ್ಸಾಗಲಿಲ್ಲ. ನೀವು ತರಿಸುವುದಾದರೆ ರಟ್ಟಿನ ಡಬ್ಬಿಯಲ್ಲಿ ಕಳಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮೊಬೈಲಿನಲ್ಲಿ ಓದುವವರಿಗೆ ಒಂದು ಮಾತು, ಇದನ್ನು ದಯವಿಟ್ಟು ಸಣ್ಣ ಪರದೆಯಲ್ಲಿ ಓದಬೇಡಿ. ಕಡೇಪಕ್ಷ ಟ್ಯಾಬ್ ಆದರೂ ಬೇಕು. ಚಿತ್ರದ ಹಿಂಬದಿಯಲ್ಲಿ, ಗಿಡದ ಸಂದಿಯಲ್ಲಿ, ಯಾವುದೋ ಎರಡು ಕಣ್ಣು ಸುಮ್ನೆ ಇರುತ್ತದೆ. ಅದು ಮೊಬೈಲಿನಲ್ಲಿ ಕಾಣುವುದೇ ಇಲ್ಲ.

ಮಕ್ಕಳಿಗೆ ಕೊಡಬಹುದಾ? 2010ರಲ್ಲಿ ಹದಿಹರೆಯದವರ ವಿಭಾಗದಲ್ಲಿ ಇದಕ್ಕೆ ಐಸ್ನರ್ ಬಂದಿದೆ, ಹಾಗಾಗಿ ಹೈಸ್ಕೂಲಿನವರಿಗೆ, ಅದರ ಮೇಲಿನವರಿಗೆ ಸರಿ ಅಂತ ನನ್ನ ಅಭಿಪ್ರಾಯ. ಅದಕ್ಕಿಂತ ಸಣ್ಣವರಿಗೆ ನೋಡಿಕೊಂಡು ಕೊಡಿ. ನನ್ನ ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಬಂದ ದಿನವೇ ಪುಸ್ತಕ ಅವಳ ಕಣ್ಣಿಗೆ ಬಿತ್ತು.

"ಚಿಕ್ಕಿ, ಇದು ಮಕ್ಕಳ ಪುಸ್ತಕ ಅಲ್ವಾ? ನಾಯಿಮರಿ ಇದೆ."

"ನಾಯಿ ಇದೆ ಪುಟ್ಟಿ, ದೆವ್ವಾನೂ ಇದೆ."

"ನಾಯಿಗೆ ಏನೂ ಆಗಲ್ಲ ತಾನೇ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಇಬ್ಬರೂ ಮಂಚದ ಮೇಲೆ ಕೂತು ಮೊದಲ ಎರಡು ಕಥೆ ಒಟ್ಟಿಗೆ ಓದಿದೆವು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಚಿತ್ರ ನೋಡುತ್ತಾ ಹೋದಳು. ನಾಯಿಗೂಡಿನ ಕಥೆಯಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು, ಆದರೆ ನಿಲ್ಲಿಸು ಅನ್ನಲಿಲ್ಲ. ಕಪ್ಪೆಮಳೆ ಅವಳೇ ಓದಿಕೊಂಡಳು. 'ಲಾಸ್ಟ್' ಮಾತ್ರ ಕೊಟ್ಟಿಲ್ಲ. ಆ ಪುಟಗಳಿಗೆ ಒಂದು ದೊಡ್ಡ ಕ್ಲಿಪ್ ಹಾಕಿಟ್ಟಿದ್ದೇನೆ, ಇನ್ನೆರಡು ವರ್ಷ ಬಿಟ್ಟು ಜೊತೆಗೆ ಕೂತು ಓದೋಣ ಅಂತ ಹೇಳಿದ್ದೇನೆ. ಹೊರಡುವಾಗ ಅವಳು ಕೆಂಚನ ಕಿವಿ ಹಿಡಿದು, ನೀನೂ ರಾತ್ರಿ ಎಲ್ಲಿಗಾದರೂ ಹೋಗ್ತೀಯೇನೋ ಅಂತ ಮೆಲ್ಲಗೆ ಕೇಳಿದಳು. ಅವನು ಅವಳ ಕೈಯಲ್ಲಿದ್ದ ಬಿಸ್ಕತ್ತನ್ನೇ ನೋಡುತ್ತಿದ್ದ.